ತಂದದ್ದನ್ನು ಕೈಗೆ ಕೊಡುವ ನಾಯಿ



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ನಾಯಿ ಸಾಕುವುದು ಹೊಸ ವಿಷಯವೇನಲ್ಲ. ಕಬ್ಬಿನ ಗದ್ದೆಗೆ, ತೋಟದ ಮನೆಗೆ, ಕುರಿ ಕೊಟ್ಟಿಗೆಗೆ ಕಾವಲೆಂದು ಹಿಂದಿನಿಂದಲೂ ನಾಯಿ ಇದ್ದೇ ಇದೆ. ಈಗ ಪಟ್ಟಣದ ಬಡಾವಣೆಗಳಲ್ಲಿ ಲ್ಯಾಬ್ರಡಾರ್, ಪಮೇರಿಯನ್ ಮೊದಲಾದ ನಾಯಿಗಳೂ ಮನೆಯ ಮಕ್ಕಳಂತೆ ಬೆಳೆಯುತ್ತಿವೆ. ನಾಯಿ ಸಾಕಿದ ನಾಲ್ಕು ಜನ ಸೇರಿದ ಕಡೆ ಒಂದು ದೂರು ತಪ್ಪದೆ ಕೇಳಿಬರುತ್ತದೆ: “ನಮ್ಮ ನಾಯಿ ಬಹಳ ಚುರುಕು. ಚೆಂಡು ಎಸೆದರೆ ಬಾಣದ ಹಾಗೆ ಓಡಿ ಕಚ್ಚಿಕೊಳ್ಳುತ್ತದೆ. ಆದರೆ ತಂದು ಕೊಡುವುದಿಲ್ಲ. ಹತ್ತಿರ ಹೋದರೆ ತಪ್ಪಿಸಿಕೊಂಡು ಓಡುತ್ತದೆ. ಏನು ಮಾಡಬೇಕು?”

ಇದು ಬರೀ ಆಟದ ಮಾತಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಕಾಲಕ್ಕೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಹಲವು ವರ್ಷಗಳ ಹಿಂದೆ ಮದ್ದೂರು ತಾಲ್ಲೂಕಿನ ನಮ್ಮ ಹಳ್ಳಿ ಮನೆಯಲ್ಲಿ ರಾಜ ಎಂಬ ಕಂದು ಬಣ್ಣದ ನಾಟಿ ನಾಯಿ ಇತ್ತು. ಸಿಕ್ಕಿದ್ದನ್ನು ಕಚ್ಚಿಕೊಂಡು ಓಡುವುದು ಅದರ ಆಟ, ಅಟ್ಟಿಸಿಕೊಂಡು ಹೋಗುವುದು ನಮ್ಮ ಆಟ. ಚಪ್ಪಲಿ ಹೋದಾಗಲೆಲ್ಲ “ಹಿಡ್ಕಳ್ರಲಾ ಅದ್ನ” ಎಂದು ನಮ್ಮಜ್ಜಿ ಕೂಗುತ್ತಿದ್ದರು, ನಾವು ನಗುತ್ತ ಹಿಂದೆ ಓಡುತ್ತಿದ್ದೆವು. ಒಂದು ದಿನ ಭತ್ತದ ಗದ್ದೆಯ ಬದುವಿನಲ್ಲಿ ಇಲಿಗೆಂದು ಇಟ್ಟಿದ್ದ ಪಾಷಾಣದ ಪೊಟ್ಟಣ ಅದರ ಬಾಯಿಗೆ ಸಿಕ್ಕಿತು. ನಾವು ಗಾಬರಿಯಿಂದ ಕೂಗುತ್ತ ಅಟ್ಟಿಸಿಕೊಂಡು ಹೋದೆವು. ಅದು ಎಂದಿನಂತೆ ಓಡಿತು. ಕೈಗೆ ಸಿಗುವಷ್ಟರಲ್ಲಿ ಪೊಟ್ಟಣವನ್ನು ನುಂಗಿಬಿಟ್ಟಿತ್ತು. ಆಸ್ಪತ್ರೆಗೆ ಹೊತ್ತುಕೊಂಡು ಹೋದರೂ ಉಳಿಯಲಿಲ್ಲ.

ಇದರಲ್ಲಿ ನಾಯಿಯ ತಪ್ಪು ಏನೂ ಇರಲಿಲ್ಲ. ಬಾಯಲ್ಲಿ ಏನಾದರೂ ಇದ್ದಾಗ ಮನುಷ್ಯ ಹತ್ತಿರ ಬಂದರೆ ಓಡಬೇಕು ಎಂದು ಅದಕ್ಕೆ ಕಲಿಸಿದವರು ನಾವೇ. ಕಚ್ಚಿಕೊಂಡದ್ದನ್ನು ಕೂಡಲೇ ತಂದು ಕೈಗೆ ಕೊಡುವ ಅಭ್ಯಾಸ ಚೆಂಡಾಟಕ್ಕೆ ಎಷ್ಟು ಬೇಕೋ, ನಾಯಿಯ ಪ್ರಾಣ ಉಳಿಸುವುದಕ್ಕೂ ಅಷ್ಟೇ ಬೇಕು. ಅದನ್ನು ಮನೆಯಲ್ಲೇ, ಹೆಚ್ಚು ಖರ್ಚಿಲ್ಲದೆ, ಕಲಿಸುವುದು ಹೇಗೆಂದು ಈಗ ನೋಡೋಣ.

ನಾಯಿಯ ಲೆಕ್ಕಾಚಾರ

ನಾಯಿ ವಸ್ತುವನ್ನು ಕೊಡದಿರುವುದಕ್ಕೆ ಹಟ ಕಾರಣವಲ್ಲ, ಸೊಕ್ಕೂ ಅಲ್ಲ. ಅದರ ಕಡೆಯಿಂದ ಯೋಚಿಸಿ ನೋಡಿ. ಚೆಂಡು ಹಿಡಿದು ಒಡೆಯನ ಹತ್ತಿರ ಬಂದರೆ ಏನಾಗುತ್ತದೆ? ಮೊದಲು ಚೆಂಡು ಹೋಗುತ್ತದೆ. ಅನೇಕ ಸಲ ಆಟವೂ ಮುಗಿಯುತ್ತದೆ. ಕೆಲವೊಮ್ಮೆ ಕೊರಳಪಟ್ಟಿ ಹಿಡಿದು ಸರಪಳಿಗೆ ಕಟ್ಟುತ್ತಾರೆ. ಚಪ್ಪಲಿಯನ್ನು ತಂದಿದ್ದರೆ ಬೈಗುಳವೂ ಸಿಗುತ್ತದೆ. ಬಾರದೆ ಓಡಿದರೋ? ಚೆಂಡು ತನ್ನದಾಗಿಯೇ ಉಳಿಯುತ್ತದೆ, ಮನೆಯವರೆಲ್ಲ ಹಿಂದೆ ಓಡಿಬಂದು ಆಟ ಇನ್ನೂ ರಂಗೇರುತ್ತದೆ. ಹೀಗಿರುವಾಗ ನಾಯಿ ಓಡದೆ ಇನ್ನೇನು ಮಾಡೀತು?

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಪ್ರಾಣಿಗಳ ಕಲಿಕೆಯ ಮೇಲೆ ಪ್ರಯೋಗ ನಡೆಸಿ 1911ರಲ್ಲಿ ಒಂದು ನಿಯಮವನ್ನು ವಿವರಿಸಿದರು. ಯಾವ ಕೆಲಸದ ಹಿಂದೆಯೇ ಸುಖ ದೊರೆಯುತ್ತದೋ ಆ ಕೆಲಸವನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ. ಯಾವುದರಿಂದ ಕಿರಿಕಿರಿಯಾಗುತ್ತದೋ ಅದನ್ನು ಕ್ರಮೇಣ ಬಿಡುತ್ತದೆ ಎಂಬುದು ಅದರ ತಿರುಳು. ನಾಯಿ ತರಬೇತಿಯ ಬೇರು ಇರುವುದು ಇಲ್ಲಿಯೇ. ಕೊಟ್ಟರೆ ನಷ್ಟ ಎಂಬ ನಾಯಿಯ ಲೆಕ್ಕವನ್ನು ಕೊಟ್ಟರೆ ಲಾಭ ಎಂದು ಬದಲಾಯಿಸಬೇಕು. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ವಿಸ್ತರಣೆ.

ತಳಿಯ ಗುಣವೂ ಉಂಟು

ಎಲ್ಲ ನಾಯಿಗಳೂ ಒಂದೇ ಬಗೆಯಲ್ಲ. ಲ್ಯಾಬ್ರಡಾರ್‌ನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಮೀನುಗಾರರ ನಾಯಿಗಳು. ನೀರಿಗೆ ಬಿದ್ದ ಮೀನು, ಹಗ್ಗಗಳನ್ನು ಕಚ್ಚಿ ತರುವುದು ಅವುಗಳ ಕೆಲಸವಾಗಿತ್ತು. ಮುಂದೆ ಬ್ರಿಟನ್ನಿನಲ್ಲಿ, ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹಲ್ಲೂರದೆ ತರುವಂತೆ ಆ ತಳಿಯನ್ನು ಬೆಳೆಸಿದರು. 1903ರಲ್ಲಿ ಅಲ್ಲಿಯ ಕೆನಲ್ ಕ್ಲಬ್ ಅದಕ್ಕೆ ಪ್ರತ್ಯೇಕ ತಳಿಯೆಂಬ ಮನ್ನಣೆ ನೀಡಿತು. ಹಾಗಾಗಿ ವಸ್ತುವನ್ನು ಬಾಯಲ್ಲಿ ಹೊತ್ತು ತಿರುಗುವುದು ಅದರ ರಕ್ತದಲ್ಲೇ ಇದೆ. ಕೊಡುವುದನ್ನು ಮಾತ್ರ ನಾವು ಕಲಿಸಬೇಕು.

ನಮ್ಮ ನಾಡಿನ ಹೆಮ್ಮೆಯ ಮುಧೋಳ ನಾಯಿಯ ಗುಣ ಬೇರೆ. ಅದು ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಓಡುವ ವಸ್ತುವನ್ನು ಕಂಡರೆ ಅಟ್ಟುವುದೇ ಅದಕ್ಕೆ ಸುಖ. ವಸ್ತು ನೆಲಕ್ಕೆ ಬಿದ್ದು ನಿಂತಮೇಲೆ ಆಸಕ್ತಿ ಕಡಿಮೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಇಂಥ ನಾಯಿಗೆ ದೂರ ಎಸೆಯುವುದಕ್ಕಿಂತ ಹತ್ತಿರದಲ್ಲಿ ಎಳೆದಾಡಿಸುವ ಬಟ್ಟೆಯಿಂದ ಆರಂಭಿಸುವುದು ಒಳ್ಳೆಯದು.

ಇನ್ನು ನಮ್ಮ ಹಳ್ಳಿಗಳ ನಾಟಿ ನಾಯಿ. ತಾನೇ ಆಹಾರ ಹುಡುಕಿಕೊಂಡು ಬದುಕಿ ಬಂದ ವಂಶ ಇದು. ಸಿಕ್ಕಿದ್ದನ್ನು ಬೇರೆಯವರಿಗೆ ಬಿಟ್ಟುಕೊಡಲು ಹಿಂಜರಿಯುತ್ತದೆ. ಆದರೆ ಬುದ್ಧಿಯಲ್ಲಿ ಯಾವ ತಳಿಗೂ ಕಡಿಮೆಯಲ್ಲ. ನಂಬಿಕೆ ಬಂದಮೇಲೆ ಬೇಗ ಕಲಿಯುತ್ತದೆ.

ಉದ್ವೇಗವನ್ನು ಇಳಿಸುವುದು ಮೊದಲು

ಜಾತ್ರೆಯಲ್ಲಿ ಆಟಿಕೆ ಅಂಗಡಿಯ ಮುಂದೆ ನಿಂತ ಮಗುವಿಗೆ ಪಾಠ ಹೇಳಿದರೆ ತಲೆಗೆ ಹೋಗುವುದಿಲ್ಲ. ಉದ್ವೇಗಗೊಂಡ ನಾಯಿಯೂ ಹಾಗೆಯೇ. ಕುಣಿಯುತ್ತ, ಬೊಗಳುತ್ತ, ಮೈಮೇಲೆ ಹಾರುತ್ತ ಇರುವಾಗ ನಿಮ್ಮ ಮಾತು ಅದಕ್ಕೆ ಕೇಳಿಸಿದರೂ ಮನಸ್ಸಿಗೆ ಇಳಿಯುವುದಿಲ್ಲ.

ಉದ್ವೇಗಕ್ಕೆ ಒಂದು ದೊಡ್ಡ ಕಾರಣ ದಿನವಿಡೀ ಕಟ್ಟಿಹಾಕುವುದು. ಬೆಳಗಿನಿಂದ ಸಂಜೆಯವರೆಗೆ ಸರಪಳಿಯಲ್ಲಿದ್ದ ನಾಯಿಯನ್ನು ಬಿಟ್ಟ ಕೂಡಲೇ ಚೆಂಡು ಎಸೆದರೆ ಅದು ಹುಚ್ಚೆದ್ದು ಓಡದೆ ಇರುತ್ತದೆಯೇ? ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದೆ ನಿರ್ಲಕ್ಷಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು ಎಂಬುದನ್ನು ನೆನಪಿಡಬೇಕು.

ಪಾಠಕ್ಕೆ ಮೊದಲು ಹತ್ತು ಹದಿನೈದು ನಿಮಿಷ ನಾಯಿಯನ್ನು ನಿಧಾನವಾಗಿ ನಡೆಸಿ. ಅದು ನಿಂತು ಮೂಸುವ ಕಡೆ ಮೂಸಲು ಬಿಡಿ. ಮೂಸುವುದರಿಂದ ನಾಯಿಯ ಮನಸ್ಸು ತಂಪಾಗುತ್ತದೆ. ಬೇಕಾದರೆ ಹಿತ್ತಿಲ ಹುಲ್ಲಿನ ಮೇಲೆ ನಾಲ್ಕು ಚೂರು ತಿಂಡಿ ಚೆಲ್ಲಿ ಹುಡುಕಿಸಿ. ಸುಸ್ತಾಗಲಿ ಎಂದು ಐವತ್ತು ಸಲ ಚೆಂಡು ಎಸೆಯುವವರಿದ್ದಾರೆ. ಇದರಿಂದ ನಾಯಿಯ ಕಾಲು ದಣಿಯಬಹುದು, ಮನಸ್ಸು ಮಾತ್ರ ಇನ್ನಷ್ಟು ಕೆರಳುತ್ತದೆ. ಒಂದು ಸಲಕ್ಕೆ ನಾಲ್ಕೈದು ಎಸೆತ ಸಾಕು. ಪಾಠ ಐದು ನಿಮಿಷ ಮೀರಬಾರದು. ದಿನಕ್ಕೆ ಎರಡು ಪಾಠ ಮಾಡಬಹುದು.

ಬೇಕಾಗುವ ಸಾಮಾನು

ಅಂಗಡಿಯಿಂದ ಬೆಲೆಯ ಸಾಮಾನು ತರಬೇಕಾಗಿಲ್ಲ. ಹಳೆಯ ಟವೆಲನ್ನು ಗಟ್ಟಿಯಾಗಿ ಸುತ್ತಿ ನಡುವೆ ಮತ್ತು ಎರಡೂ ತುದಿಗೆ ದಾರ ಬಿಗಿದು, ಒಂದು ಗೇಣು ಉದ್ದದ ಎರಡು ಉರುಳೆಗಳನ್ನು ಮಾಡಿಕೊಳ್ಳಿ. ಎರಡೂ ಒಂದೇ ತರಹ ಇರಬೇಕು. ಚೆಂಡನ್ನೇ ಬಳಸುವುದಾದರೆ ಅದು ನಾಯಿಯ ಗಂಟಲಿಗೆ ಇಳಿಯದಷ್ಟು ದೊಡ್ಡದಿರಲಿ.

ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವುದು ಕಬ್ಬಿನ ಜಲ್ಲೆ. ಅದನ್ನು ಎಸೆಯಬೇಡಿ. ಅಗಿದಾಗ ಸಿಬಿರು ಎದ್ದು ಒಸಡಿಗೆ, ಗಂಟಲಿಗೆ ಚುಚ್ಚುತ್ತದೆ. ಒಣ ಕಡ್ಡಿ, ತೆಂಗಿನ ಚಿಪ್ಪು, ಕಲ್ಲು ಇವೂ ಬೇಡ. ಕಲ್ಲು ಕಚ್ಚುವ ನಾಯಿಯ ಹಲ್ಲು ಮುರಿಯುತ್ತದೆ. ಚಪ್ಪಲಿಯನ್ನು ಆಟಕ್ಕೆ ಬಳಸಿದರೆ ಹಳೆಯ ಚಪ್ಪಲಿ, ಹೊಸ ಚಪ್ಪಲಿ ಎಂಬ ಭೇದ ನಾಯಿಗೆ ತಿಳಿಯುವುದಿಲ್ಲ.

ಬಹುಮಾನಕ್ಕೆ ಕಡಲೆಕಾಳಿನಷ್ಟು ಗಾತ್ರದ ಚೂರುಗಳು ಸಾಕು. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ ಮಾಂಸ ಎಲ್ಲಕ್ಕಿಂತ ಉತ್ತಮ. ಬೇಯಿಸಿದ ಮೊಟ್ಟೆ, ಚಪಾತಿ ಚೂರು, ಗಟ್ಟಿ ಮುದ್ದೆಯ ಚೂರು ಇವೂ ನಡೆಯುತ್ತವೆ. ಮದ್ದೂರಿನವರಿಗೆ ಒಂದು ಮಾತು: ವಡೆಯನ್ನು ನಾಯಿಗೆ ಕೊಡಬೇಡಿ. ಅದರಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳುಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ನಾಯಿಗೆ ವಿಷ. ಆಲೆಮನೆಯ ಬೆಲ್ಲವೂ ಬೇಡ.

ಇವುಗಳ ಜೊತೆಗೆ ಇಪ್ಪತ್ತು ಅಡಿ ಉದ್ದದ ಹಗುರವಾದ ಒಂದು ಹಗ್ಗ ಇರಲಿ.

ಮೊದಲ ಹೆಜ್ಜೆ: ‘ಕೊಡು’

ಹೆಚ್ಚಿನವರು ಎಸೆಯುವುದರಿಂದ ಆರಂಭಿಸುತ್ತಾರೆ. ಕೊನೆಯಿಂದ ಆರಂಭಿಸುವುದೇ ಸರಿಯಾದ ಕ್ರಮ. ಕೊಡುವುದು ಚೆನ್ನಾಗಿ ಬಂದಮೇಲೆ ತರುವುದು, ಅದಾದಮೇಲೆ ಎಸೆಯುವುದು.

ಪಡಸಾಲೆಯಲ್ಲಿ, ಗದ್ದಲವಿಲ್ಲದ ಹೊತ್ತಿನಲ್ಲಿ, ನೆಲದ ಮೇಲೆ ಕುಳಿತುಕೊಳ್ಳಿ. ಬಟ್ಟೆಯ ಉರುಳೆಯನ್ನು ನಾಯಿಯ ಮುಂದೆ ಹಿಡಿಯಿರಿ. ಅದು ಬಾಯಿ ಹಾಕಲಿ. ಎರಡು ಕ್ಷಣ ಬಿಟ್ಟು, ಎಳೆಯದೆ, ತಿಂಡಿಯ ಚೂರನ್ನು ಅದರ ಮೂಗಿನ ಹತ್ತಿರ ತನ್ನಿ. ತಿನ್ನಲು ಬಾಯಿ ತೆರೆದಾಗ ಉರುಳೆ ಕೆಳಗೆ ಬೀಳುತ್ತದೆ. ಆ ಕ್ಷಣದಲ್ಲೇ “ಭಲೇ” ಎಂದು ತಿಂಡಿ ಕೊಡಿ. ಆಮೇಲೆ ಮಾಡಬೇಕಾದದ್ದೇ ಮುಖ್ಯ: ಉರುಳೆಯನ್ನು ನಾಯಿಗೆ ವಾಪಸು ಕೊಡಿ. ಕೊಟ್ಟರೆ ತಿಂಡಿಯೂ ಸಿಗುತ್ತದೆ, ಕೊಟ್ಟದ್ದೂ ಮರಳಿ ಬರುತ್ತದೆ ಎಂದು ಅದಕ್ಕೆ ತಿಳಿಯಬೇಕು.

ಹೀಗೆ ಒಂದು ಸಲಕ್ಕೆ ಐದಾರು ಬಾರಿ ಮಾಡಿ. ನಾಯಿ ತಾನಾಗಿ ಬಾಯಿ ಬಿಡತೊಡಗಿದ ಮೇಲೆ, ಬಿಡುವುದಕ್ಕೆ ಮುಂಚೆ “ಕೊಡು” ಎನ್ನಿ. ಮೂರು ನಾಲ್ಕು ದಿನಗಳ ನಂತರ ತಿಂಡಿಯನ್ನು ಜೇಬಿನಲ್ಲಿಟ್ಟುಕೊಂಡು ಮೊದಲು ಮಾತನ್ನಷ್ಟೇ ಹೇಳಿ. ಬಿಟ್ಟಮೇಲೆ ತಿಂಡಿ ತೆಗೆಯಿರಿ. ಹತ್ತು ಸಲ ಹೇಳಿದರೆ ಒಂಬತ್ತು ಸಲ ಬಿಡುವಂತಾದಾಗ ಮುಂದಿನ ಹೆಜ್ಜೆಗೆ ಹೋಗಬಹುದು.

ಮನೆಯವರೆಲ್ಲರೂ ಒಂದೇ ಮಾತನ್ನು ಬಳಸಬೇಕು. ಅಜ್ಜಿ “ಬಿಡ್ಲಾ” ಎಂದು, ಅಪ್ಪ “ಕೊಡು” ಎಂದು, ಮಗ “ಡ್ರಾಪ್” ಎಂದು ಹೇಳಿದರೆ ನಾಯಿ ಯಾವುದನ್ನು ಕಲಿಯಬೇಕು?

ಎರಡನೆಯ ಹೆಜ್ಜೆ: ಕೈಗೆ ತರುವುದು

ಈಗ ಉರುಳೆಯನ್ನು ಒಂದು ಮೊಳ ದೂರದಲ್ಲಿ ನೆಲಕ್ಕಿಡಿ. ನಾಯಿ ಅದನ್ನು ಎತ್ತಿಕೊಂಡ ಕೂಡಲೇ ನೀವು ಎರಡು ಹೆಜ್ಜೆ ಹಿಂದಕ್ಕೆ ಸರಿಯಿರಿ. ನೀವು ಮುಂದೆ ಹೋದರೆ ನಾಯಿ ಹಿಂದೆ ಸರಿಯುತ್ತದೆ. ನೀವು ಹಿಂದೆ ಸರಿದರೆ ಅದು ನಿಮ್ಮತ್ತ ಬರುತ್ತದೆ. ಇದನ್ನು ಒಮ್ಮೆ ಪರೀಕ್ಷಿಸಿ ನೋಡಿ, ಆಶ್ಚರ್ಯವಾದೀತು.

ಬಂದ ನಾಯಿಯ ತಲೆಯ ಮೇಲಿನಿಂದ ಕೈ ಚಾಚಬೇಡಿ. ಅಂಗೈಯನ್ನು ಅದರ ಗದ್ದದ ಕೆಳಗೆ ಹಿಡಿದು “ಕೊಡು” ಎನ್ನಿ. ಉರುಳೆ ಅಂಗೈಗೆ ಬಿದ್ದರೆ ಎರಡು ಚೂರು ತಿಂಡಿ, ನೆಲಕ್ಕೆ ಬಿದ್ದರೆ ಒಂದೇ ಚೂರು. ಕೈಗೆ ಕೊಡುವುದೇ ಹೆಚ್ಚಿನ ಲಾಭ ಎಂದು ನಾಯಿ ಕೆಲವೇ ದಿನಗಳಲ್ಲಿ ಕಂಡುಕೊಳ್ಳುತ್ತದೆ.

ಇದರ ಜೊತೆಗೇ ಇನ್ನೊಂದು ಅಭ್ಯಾಸ ಮಾಡಿಸಿ. ನಾಯಿ ಬಂದಾಗ ಕೊರಳಪಟ್ಟಿಯನ್ನು ಮೆಲ್ಲಗೆ ಮುಟ್ಟಿ, ತಿಂಡಿ ಕೊಟ್ಟು, ಬಿಟ್ಟುಬಿಡಿ. ಕೊರಳಪಟ್ಟಿಗೆ ಕೈ ಬಂದರೆ ಕಟ್ಟಿಹಾಕುವುದಕ್ಕೇ ಎಂಬ ಭಯ ಹೋಗಬೇಕು.

ಮೂರನೆಯ ಹೆಜ್ಜೆ: ಸ್ವಲ್ಪ ಸ್ವಲ್ಪವೇ ದೂರ

ಎರಡು ಕಡೆ ಗೋಡೆ ಇರುವ ಓಣಿ ಅಥವಾ ಮನೆಯ ಪಕ್ಕದ ಸಂದು ಇದಕ್ಕೆ ಅನುಕೂಲ. ನಾಯಿ ವಸ್ತು ಎತ್ತಿಕೊಂಡ ಮೇಲೆ ನಿಮ್ಮ ಕಡೆ ಬರುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಮೊದಲ ದಿನ ಮೂರು ಅಡಿ, ಆಮೇಲೆ ಆರು, ಆಮೇಲೆ ಹನ್ನೆರಡು. ಒಂದು ದೂರದಲ್ಲಿ ಸರಿಯಾಗಿ ತಂದಮೇಲೆಯೇ ಮುಂದಿನ ದೂರ. ತಪ್ಪಿದರೆ ಹಿಂದಿನ ದೂರಕ್ಕೆ ಮರಳಿ.

ಬಯಲಿಗೆ ಹೋದಾಗ ಉದ್ದ ಹಗ್ಗವನ್ನು ಕೊರಳಪಟ್ಟಿಗಿಂತ ಎದೆಪಟ್ಟಿಗೆ ಕಟ್ಟುವುದು ಲೇಸು. ಹಗ್ಗ ಇರುವುದು ನಾಯಿ ತೀರ ದೂರ ಹೋಗದಿರಲಿ ಎಂದು ಮಾತ್ರ. ಅದನ್ನು ಜಗ್ಗಿ ನಾಯಿಯನ್ನು ಎಳೆದುಕೊಳ್ಳಬಾರದು.

ನಾಲ್ಕನೆಯ ಹೆಜ್ಜೆ: ಕೂಡಲೇ ತರುವುದು

ನಾಯಿ ತರುತ್ತದೆ, ಆದರೆ ದಾರಿಯಲ್ಲಿ ಸುತ್ತು ಹೊಡೆದು, ನಿಂತು, ಅಗಿದು ಬರುತ್ತದೆ. ಇಲ್ಲಿ ಎರಡನೆಯ ಉರುಳೆ ಕೆಲಸಕ್ಕೆ ಬರುತ್ತದೆ.

ಎಸೆಯುವ ಮುನ್ನ ನಾಯಿಯನ್ನು ಕೂರಿಸಿ. ಕುಣಿಯುತ್ತಿದ್ದರೆ ಸುಮ್ಮನೆ ನಿಂತಿರಿ, ಕೂತಮೇಲೆಯೇ ಎಸೆಯಿರಿ. ಕೂರುವುದೇ ಆಟದ ಬಾಗಿಲು ಎಂದು ತಿಳಿದರೆ ಉದ್ವೇಗ ಅರ್ಧ ಇಳಿಯುತ್ತದೆ. ಮೊದಲ ಉರುಳೆಯನ್ನು ಎಸೆಯಿರಿ. ನಾಯಿ ಅದನ್ನು ಕಚ್ಚಿಕೊಂಡು ತಿರುಗಿದಾಗ “ಬಾ” ಎಂದು ಒಂದೇ ಸಲ ಕರೆದು, ಬೆನ್ನು ತಿರುಗಿಸಿ ನಡೆಯತೊಡಗಿ. ಅದು ಓಡಿ ಬಂದು ಕೈಗೆ ಕೊಟ್ಟರೆ ಆ ಕ್ಷಣವೇ ಎರಡನೆಯ ಉರುಳೆಯನ್ನು ಎಸೆಯಿರಿ. ಬೇಗ ಬಂದರೆ ಬೇಗ ಮುಂದಿನ ಎಸೆತ. ಚುರುಕು ನಾಯಿಗೆ ಕೋಳಿ ತುಂಡಿಗಿಂತ ಇದೇ ದೊಡ್ಡ ಬಹುಮಾನ.

ತಡಮಾಡಿ ಬಂದರೆ ಬೈಯಬೇಡಿ. ವಸ್ತುವನ್ನು ತೆಗೆದುಕೊಂಡು, ಸಾಧಾರಣವಾಗಿ ಮಾತಾಡಿಸಿ, ಮುಂದಿನ ಎಸೆತವನ್ನು ಸ್ವಲ್ಪ ಹತ್ತಿರಕ್ಕೆ ಹಾಕಿ. ಬಾರದೆ ದೂರದಲ್ಲೇ ನಿಂತರೆ ಅಟ್ಟಬೇಡಿ. ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕುಳಿತು, ಎರಡನೆಯ ಉರುಳೆಯೊಂದಿಗೆ ನೀವೇ ಆಡುತ್ತಿರಿ. ಕುತೂಹಲದಿಂದ ಹತ್ತಿರ ಬಂದೇ ಬರುತ್ತದೆ.

ನಾಲ್ಕೈದು ಎಸೆತವಾದ ಮೇಲೆ, ನಾಯಿಗೆ ಇನ್ನೂ ಆಸೆ ಇರುವಾಗಲೇ ನಿಲ್ಲಿಸಿ. ಕೊನೆಯ ಸಲ ತಂದಾಗ ಹೆಚ್ಚು ತಿಂಡಿ ಕೊಟ್ಟು, ಸ್ವಲ್ಪ ಹೊತ್ತು ಮೂಸಾಡಲು ಬಿಟ್ಟು, ಆಮೇಲೆ ಮನೆಗೆ ಕರೆದೊಯ್ಯಿರಿ. ತಂದುಕೊಟ್ಟ ಕೂಡಲೇ ಸರಪಳಿ ಹಾಕಿದರೆ ವಾರದ ಶ್ರಮ ಒಂದೇ ದಿನದಲ್ಲಿ ನೀರುಪಾಲು.

ಐದನೆಯ ಹೆಜ್ಜೆ: ಸಿಕ್ಕ ವಸ್ತುವನ್ನೂ ಕೊಡುವುದು

ಪ್ರಾಣ ಉಳಿಸುವ ಪಾಠ ಇದು. ಆಟದ ಉರುಳೆಯನ್ನು ಕೊಡುವ ನಾಯಿ ದಾರಿಯಲ್ಲಿ ಸಿಕ್ಕ ಪೊಟ್ಟಣವನ್ನು ಕೊಡುತ್ತದೆ ಎಂದು ನಂಬುವಂತಿಲ್ಲ. ಅದನ್ನು ಬೇರೆಯಾಗಿ ಕಲಿಸಬೇಕು. ಹಿತ್ತಿಲಲ್ಲಿ ನೀವೇ ಕಾಗದದ ಖಾಲಿ ಪೊಟ್ಟಣ, ತೊಳೆದ ಪ್ಲಾಸ್ಟಿಕ್ ಡಬ್ಬಿ, ಹಳೆಯ ಬಟ್ಟೆಯ ಚೂರು ಇಡಿ. ನಾಯಿ ಎತ್ತಿಕೊಂಡಾಗ ಹಿಂದೆ ಸರಿದು “ಕೊಡು” ಎನ್ನಿ. ಕೊಟ್ಟರೆ ಎಂದಿಗಿಂತ ಹೆಚ್ಚಿನ ಬಹುಮಾನ, ಒಟ್ಟಿಗೆ ನಾಲ್ಕು ಚೂರು ಕೋಳಿ. ಚಪ್ಪಲಿಯನ್ನು ತಾನಾಗಿ ತಂದರೂ ಹೊಗಳಿ ತೆಗೆದುಕೊಳ್ಳಿ. ಸಿಟ್ಟು ಬಂದರೆ ಚಪ್ಪಲಿಯನ್ನು ಎತ್ತರದಲ್ಲಿಡದ ನಿಮ್ಮ ಮೇಲೆ ಬರಲಿ.

ಕೆಲವು ಪ್ರಶ್ನೆಗಳು

ಪ್ರಶ್ನೆ: ತಿಂಡಿ ಕೊಟ್ಟು ಕಲಿಸುವುದು ಲಂಚವಾಗುವುದಿಲ್ಲವೇ?
ಉತ್ತರ: ಕೆಲಸಕ್ಕೆ ಮೊದಲೇ ತೋರಿಸಿದರೆ ಲಂಚ, ಕೆಲಸ ಮುಗಿದ ಮೇಲೆ ಕೊಟ್ಟರೆ ಕೂಲಿ. ಮೊದಲ ಮೂರು ನಾಲ್ಕು ದಿನ ತೋರಿಸಬೇಕಾಗುತ್ತದೆ. ಆಮೇಲೆ ಜೇಬಿನಲ್ಲಿರಲಿ. ಚೆನ್ನಾಗಿ ಕಲಿತ ಮೇಲೆ ಪ್ರತಿ ಸಲ ಕೊಡದೆ ನಡುನಡುವೆ ಕೊಡಬಹುದು. ಆದರೆ ಪೂರ್ತಿ ನಿಲ್ಲಿಸಬೇಡಿ.

ಪ್ರಶ್ನೆ: ಅರ್ಧ ದಾರಿಯಲ್ಲೇ ಬೀಳಿಸಿ ಬರುತ್ತದೆ. ಏನು ಮಾಡುವುದು?
ಉತ್ತರ: ದೂರ ಹೆಚ್ಚಾಯಿತು ಎಂದು ಅರ್ಥ, ಅಥವಾ ತಿಂಡಿಯನ್ನು ಬೇಗ ತೋರಿಸುತ್ತಿದ್ದೀರಿ. ದೂರ ಕಡಿಮೆ ಮಾಡಿ, ತಿಂಡಿಯನ್ನು ಮರೆಯಲ್ಲಿಡಿ. ನಾಲ್ಕರಿಂದ ಏಳು ತಿಂಗಳ ಮರಿಗೆ ಹಲ್ಲು ಬದಲಾಗುವ ಕಾಲ. ಆಗ ಬಾಯಿ ನೋವಿನಿಂದಲೂ ಬೀಳಿಸಬಹುದು. ಒತ್ತಾಯ ಬೇಡ.

ಪ್ರಶ್ನೆ: ವಸ್ತು ಹಿಡಿದಾಗ ಗುರ್ರೆನ್ನುತ್ತದೆ.
ಉತ್ತರ: ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಗುರ್ರೆನ್ನುವುದು ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚೀತು. ದೂರದಿಂದಲೇ ತಿಂಡಿ ಎಸೆದು ವಸ್ತುವಿನಿಂದ ಬೇರೆಡೆಗೆ ಸೆಳೆಯಿರಿ. ಪಶುವೈದ್ಯರನ್ನು ಕಾಣಿರಿ. ನೋವಿರುವ ನಾಯಿಯೂ ಹೀಗೆ ಮಾಡುವುದುಂಟು.

ಪ್ರಶ್ನೆ: ವಯಸ್ಸಾದ ನಾಯಿ ಕಲಿಯುತ್ತದೆಯೇ?
ಉತ್ತರ: ಕಲಿಯುತ್ತದೆ. ಹಳೆಯ ಅಭ್ಯಾಸ ಬಿಡಿಸಬೇಕಾದ್ದರಿಂದ ಕೆಲವು ವಾರ ಹೆಚ್ಚು ಬೇಕಾಗಬಹುದು. ಕೀಲು ನೋವಿದ್ದರೆ ಎಸೆಯುವ ಬದಲು ನೆಲದ ಮೇಲೆ ಉರುಳಿಸಿ.

ಎಲ್ಲಿ ಆಡಿಸಬಾರದು

ಕೃಷ್ಣರಾಜಸಾಗರದಿಂದ ಬರುವ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಜೀವನಾಡಿ. ಆದರೆ ನಾಲೆಯ ಏರಿಯ ಮೇಲೆ ಚೆಂಡಾಟ ಬೇಡ. ಚೆಂಡಿನ ಹಿಂದೆ ನೀರಿಗೆ ಹಾರಿದ ನಾಯಿಗೆ ಗಾರೆ ಮಾಡಿದ ಇಳಿಜಾರು ದಡವನ್ನು ಹತ್ತಿಬರುವುದು ಕಷ್ಟ. ಅದನ್ನು ಉಳಿಸಲು ಇಳಿದವರ ಜೀವಕ್ಕೂ ಅಪಾಯ. ಹೆದ್ದಾರಿ ಮತ್ತು ಅದರ ಪಕ್ಕದ ರಸ್ತೆಗಳ ಹತ್ತಿರವೂ ಬೇಡ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರ ನಡುವಿನ ಮರಗಳಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಗೂಡಿನಿಂದ ಮರಿಗಳು ಕೆಳಗೆ ಬೀಳುವುದುಂಟು. ಊರಿನವರು ಅಂಥ ಮರಿಗಳನ್ನು ಎತ್ತಿ ಸಾಕಿ ಬಿಟ್ಟದ್ದೂ ಉಂಟು. ಗೂಡಿನ ಕಾಲದಲ್ಲಿ ಅಲ್ಲಿ ಚುರುಕು ನಾಯಿಯನ್ನು ಹಗ್ಗವಿಲ್ಲದೆ ಬಿಡಬಾರದು. ಮಳವಳ್ಳಿ ಕಡೆ ಬಂಡೂರು ಕುರಿ ಮೇಯುವ ಬಯಲಿಗೂ ಇದೇ ಮಾತು ಅನ್ವಯಿಸುತ್ತದೆ.

ಮುತ್ತತ್ತಿಯ ಸುತ್ತಿನ ಕಾವೇರಿ ವನ್ಯಧಾಮದ ಅಂಚಿನಲ್ಲಿ ಮತ್ತು ಕಬ್ಬು ಎತ್ತರಕ್ಕೆ ಬೆಳೆದ ಗದ್ದೆಗಳ ಬಳಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ನಾಯಿಯನ್ನು ಬಿಡುವುದು ಚಿರತೆಗೆ ಒಪ್ಪಿಸಿದಂತೆ. ಕಾಡಂಚಿನಲ್ಲಿ ಹಂದಿಗೆಂದು ಕಾನೂನುಬಾಹಿರವಾಗಿ ಇಡುವ ಸಿಡಿಮದ್ದಿನ ಉಂಡೆಗಳ ಅಪಾಯವೂ ಇದೆ. ಅದು ಕಚ್ಚಿದ ಕ್ಷಣವೇ ಸಿಡಿಯುತ್ತದೆ. ‘ಕೊಡು’ ಎಂಬ ಪಾಠ ಅಲ್ಲಿ ನೆರವಿಗೆ ಬಾರದು. ಹಗ್ಗ ಹಿಡಿದೇ ನಡೆಸಬೇಕು.

ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಅಥವಾ ಬಿಸಿಲು ಇಳಿದ ಮೇಲೆ ಆಡಿಸಿ. ನಾಯಿ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಶಾಖ ಕಳೆದುಕೊಳ್ಳುತ್ತದೆ. ನಾಲಿಗೆ ತೀರ ಹೊರಚಾಚಿ, ಜೊಲ್ಲು ಸುರಿಸಿ, ತೂರಾಡಿದರೆ ಕೂಡಲೇ ನೆರಳಿಗೆ ತಂದು ಮೈಗೆ ನೀರು ಹಾಕಿ ವೈದ್ಯರಲ್ಲಿಗೆ ಒಯ್ಯಿರಿ.

ಮರೆಯಬಾರದ ಎರಡು ಮಾತು

ಮೊದಲನೆಯದು ಹುಚ್ಚುನಾಯಿ ರೋಗ. ಬಾಯಿಯ ಹತ್ತಿರ ಕೈ ಇಟ್ಟು ಮಾಡುವ ಪಾಠವಾದ್ದರಿಂದ ಮೊದಲೇ ನಾಯಿಗೆ ಲಸಿಕೆ ಹಾಕಿಸಿರಬೇಕು. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದ ಪ್ರಕಾರ ಮುಂದುವರಿಸಬೇಕು. ಆಟದಲ್ಲಿ ಹಲ್ಲು ತಗುಲಿ ಗಾಯವಾದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ.

ಎರಡನೆಯದು ವಿಷ. ಇಲಿ ಪಾಷಾಣವಾಗಿ ಬಳಸುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ನೇರವಾದ ಮದ್ದಿಲ್ಲ. ನಾಯಿ ನುಂಗಿದ್ದು ಕಂಡರೆ ಉಪ್ಪುನೀರು, ಹಾಲು, ಎಣ್ಣೆ ಕುಡಿಸುತ್ತ ಹೊತ್ತು ಕಳೆಯದೆ, ಪೊಟ್ಟಣದ ಉಳಿಕೆಯನ್ನು ಜೊತೆಯಲ್ಲಿಟ್ಟುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಧಾವಿಸಿ. ನಾಯಿ ವಾಂತಿ ಮಾಡಿದರೆ ಅದರ ಗಾಳಿಯನ್ನು ನೀವು ಉಸಿರಾಡದಂತೆ ದೂರವಿರಿ. ಗದ್ದೆಗೆ ಪಾಷಾಣ ಇಡುವವರು ಅಕ್ಕಪಕ್ಕದವರಿಗೆ ತಿಳಿಸಿ, ಬಿಲದ ಒಳಗೆ ಇಟ್ಟು ಮಣ್ಣು ಮುಚ್ಚಿ, ಉಳಿದದ್ದನ್ನು ಬದುವಿನ ಮೇಲೆ ಬಿಡದಿದ್ದರೆ ಎಷ್ಟೋ ಅನಾಹುತ ತಪ್ಪುತ್ತದೆ.

ರಾಜ ಹೋದ ಕೆಲವು ವರ್ಷಗಳ ಮೇಲೆ ನಮ್ಮ ಮನೆಗೆ ಇನ್ನೊಂದು ನಾಯಿ ಬಂತು. ಅದೂ ನಾಟಿಯೇ, ಅದಕ್ಕಿಂತಲೂ ಚುರುಕು. ಇಲ್ಲಿ ಹೇಳಿದ ಕ್ರಮದಲ್ಲೇ ಅದಕ್ಕೆ ಕಲಿಸಿದೆವು, ಎರಡು ತಿಂಗಳು ಹಿಡಿಯಿತು. ಒಂದು ಮಳೆಗಾಲದ ಬೆಳಿಗ್ಗೆ ಅದು ಬದುವಿನ ಕಡೆಯಿಂದ ಒಂದು ಕಾಗದದ ಪೊಟ್ಟಣ ಕಚ್ಚಿಕೊಂಡು ಓಡಿ ಬಂತು. ನಮ್ಮ ತಾಯಿ ಎದ್ದು ನಿಂತು ಕೂಗಬೇಕೆಂದವರು ಬಾಯಿ ಮುಚ್ಚಿಕೊಂಡರು. ನಾನು ಎರಡು ಹೆಜ್ಜೆ ಹಿಂದೆ ಸರಿದು “ಕೊಡು” ಎಂದೆ. ಬಂದು ಅಂಗೈಗೆ ಇಟ್ಟಿತು. ಬಿಚ್ಚಿ ನೋಡಿದರೆ ಯಾರೋ ತಿಂದು ಬಿಸಾಡಿದ ವಡೆಯ ಚೂರು. ಆದರೂ ಒಳಗೆ ಹೋಗಿ, ಸಾರಿಗೆಂದು ಬೇಯಿಸಿಟ್ಟಿದ್ದ ಕೋಳಿಯಲ್ಲಿ, ಮಸಾಲೆ ಬೀಳುವ ಮೊದಲೇ, ಒಳ್ಳೆಯ ತುಂಡೊಂದನ್ನು ತಂದು ಕೊಟ್ಟೆ. ನಮ್ಮ ತಾಯಿ ಏನೂ ಅನ್ನಲಿಲ್ಲ.

ದಿನಕ್ಕೆ ಹತ್ತು ನಿಮಿಷ, ಒಂದು ಹಳೆಯ ಟವೆಲು, ಒಂದು ಹಿಡಿ ತಿಂಡಿ, ಅಟ್ಟಿಸಿಕೊಂಡು ಹೋಗದಿರುವ ಸಂಯಮ ಇಷ್ಟಿದ್ದರೆ ಸಾಕು. ಇಂದು ಸಂಜೆಯೇ ಪಡಸಾಲೆಯಲ್ಲಿ ಮೊದಲ ಪಾಠ ಆರಂಭಿಸಬಹುದು.